‘ಓವರ್’ ಎಂದರೆ ಬರೀ ‘ಮೇಲೆ’ ಅಲ್ಲ

ವಿಜಯಪುರದ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಲು ತೊಡಗಿದ ಮೊದಲ ಕೆಲವು ವರ್ಷ ನಾನು ‘ಓವರ್’ ಪದಕ್ಕೆ ‘ಮೇಲೆ’ ಎಂಬ ಒಂದೇ ಅರ್ಥವನ್ನು ಬರೆಸುತ್ತಿದ್ದೆ. ‘ಆನ್’ ಪದಕ್ಕೂ ನಮ್ಮಲ್ಲಿ ಅದೇ ‘ಮೇಲೆ’ ಇರುವುದರಿಂದ, ತಾಗಿದ್ದರೆ ‘ಆನ್’, ತಾಗದಿದ್ದರೆ ‘ಓವರ್’ ಎಂಬ ಸೂತ್ರವನ್ನೂ ಕೊಟ್ಟಿದ್ದೆ. ಅದಕ್ಕೆ ಗೋಳಗುಮ್ಮಟವೇ ಉದಾಹರಣೆ: ಮೊಹಮ್ಮದ್ ಆದಿಲ್ ಶಾಹನ ಗೋರಿಯ ಕಲ್ಲು ಕಟ್ಟೆಯ ಮೇಲಿದೆ, ಅದು ‘ಆನ್’, ಸುಮಾರು 38 ಮೀಟರ್ ಒಳವ್ಯಾಸದ ಗುಮ್ಮಟ ಅದರ ಮೇಲೆ ಕವಿದಿದೆ, ಅದು ‘ಓವರ್’, ನಿಜವಾದ ಸಮಾಧಿ ನೆಲಮಾಳಿಗೆಯಲ್ಲಿರುವುದರಿಂದ ‘ಅಂಡರ್’ ಕೂಡ ಅಲ್ಲಿಯೇ ಸಿಗುತ್ತದೆ.

ಸೂತ್ರ ಕೆಟ್ಟದ್ದು ಕೌದಿಯಿಂದ. ಮಗುವಿಗೆ ಹೊದಿಕೆ ಹೊದಿಸಿದರು ಎಂಬ ಪಾಠದ ವಾಕ್ಯದಲ್ಲಿ ‘ಓವರ್’ ಬಂದಾಗ ಒಬ್ಬ ಹುಡುಗಿ, “ಸರ್, ಕೌದಿ ಮೈಗೆ ಹತ್ತಿರ್ತೈತಲ್ಲ, ಮತ್ತ ಓವರ್ ಹೆಂಗಾತು?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಅರ್ಥ ಬರೆಸುವುದನ್ನು ಬಿಟ್ಟು, ಹಲಗೆಯ ಮೇಲೆ ಒಂದು ದಡದಿಂದ ಇನ್ನೊಂದು ದಡಕ್ಕೆ ಬಾಗಿದ ಕಮಾನನ್ನು ಎಳೆದೆ. ಬಾಗಲಕೋಟೆಯಿಂದ ಬರುವ ಬಸ್ಸು ಕೊರ್ತಿ-ಕೊಲ್ಹಾರ ಸೇತುವೆಯಲ್ಲಿ ಕೆಟ್ಟು ನಿಂತರೆ ಅದು ಸೇತುವೆಯ ಮೇಲಿದೆ, ‘ಆನ್’; ಗಾಲಿ ತಾಗಿದ್ದರೂ ಸೇತುವೆಯನ್ನು ದಾಟಿದರೆ ‘ಓವರ್’. ಕಮಾನು ಕೃಷ್ಣೆಯನ್ನು ಆವರಿಸಿದಂತೆ ಕೌದಿ ಮಗುವನ್ನು ಆವರಿಸುತ್ತದೆ. ಗೆರೆ ಆಚೆ ದಡ ಮುಟ್ಟಿದರೆ ಕೆಲಸ ಮುಗಿಯಿತು, ಅದೂ ‘ಓವರ್’. ಕ್ರಿಕೆಟ್ಟಿನಲ್ಲಿ ಆರು ಎಸೆತ ಮುಗಿದಾಗ ಅಂಪೈರ್ ಕೂಗುವ ಮಾತೇ ಆ ಆರು ಎಸೆತಗಳ ಹೆಸರೂ ಆಗಿದೆ ಎಂದಾಗ, ಹಿಂದಿನ ಬೆಂಚಿನವರೂ ಕಿವಿ ನಿಮಿರಿಸಿದರು. ಗೆರೆ ಮಿತಿಯನ್ನು ಮೀರಿದರೆ ‘ಹೆಚ್ಚು’ ಎಂಬ ಅರ್ಥ. ಕಬ್ಬಿನ ಟ್ರ್ಯಾಕ್ಟರಿನ ಓವರ್‌ಲೋಡನ್ನು ನೋಡಿದವರಿಗೆ ಅದನ್ನು ವಿವರಿಸಬೇಕಿಲ್ಲ.

ಎಲ್ಲವೂ ಇಷ್ಟು ಸಲೀಸಲ್ಲ. ‘ಊಟದ ಮೇಲೆ ಮಾತಾಡೋಣ’ ಎಂದರೆ ನಮಗೆ ಉಂಡು ಕೈತೊಳೆದ ಬಳಿಕ; ಇಂಗ್ಲಿಷಿನಲ್ಲಿ ಊಟಕ್ಕೆ ‘ಓವರ್’ ಹಚ್ಚಿದರೆ ಉಣ್ಣುತ್ತಲೇ ಮಾತಾಡುವುದು. ‘ನನ್ನ ಮೇಲೆ ಸಿಟ್ಟು’ ಎಂಬಲ್ಲಿಯೂ ‘ಓವರ್’ ಹೊಂದುವುದಿಲ್ಲ. ಇವನ್ನು ಬಾಯಿಪಾಠ ಮಾಡಿಸುವುದೇ ದಾರಿ ಎಂದು ನನಗೆ ಅನಿಸಿದೆ.

ಊರಿನ ಉಪ್ಲಿ ಬುರುಜಿಗೆ ಮಕ್ಕಳನ್ನು ಕರೆದೊಯ್ದಾಗ ಇನ್ನೊಂದು ವಿಷಯ ಹೇಳುತ್ತೇನೆ. ಸಂಸ್ಕೃತದ ‘ಉಪರಿ’, ಗ್ರೀಕಿನ ‘ಹೈಪರ್’, ಲ್ಯಾಟಿನ್ನಿನ ‘ಸೂಪರ್’, ಇಂಗ್ಲಿಷಿನ ‘ಓವರ್’ ಒಂದೇ ಬೇರಿನವು. ಎತ್ತರದ ಈ ಬುರುಜನ್ನು ‘ಉಪ್ರಿ’ ಎನ್ನುವವರ ಬಾಯಲ್ಲಿಯೂ ಅದೇ ಬೇರು ಉಳಿದಿದೆ. ಅಲ್ಲಿ ನಿಂತರೆ ಊರೆಲ್ಲ ಕಾಣುತ್ತದೆ, ಅದು ‘ಓವರ್‌ಲುಕ್’. ಕಣ್ಣು ಏನನ್ನಾದರೂ ದಾಟಿ ಹೋಗಿ ಅದು ಗಮನಕ್ಕೆ ಬಾರದಿದ್ದರೆ ಅದೂ ‘ಓವರ್‌ಲುಕ್’. ಒಂದೇ ಪದಕ್ಕೆ ಹೀಗೆ ಎರಡು ಎದುರುಬದುರು ಅರ್ಥಗಳಿರುವುದನ್ನು ಹತ್ತನೆಯ ತರಗತಿಯವರಿಗೆ ಮಾತ್ರ ಹೇಳುತ್ತೇನೆ; ಎಂಟನೆಯವರಿಗೆ ಸದ್ಯಕ್ಕೆ ಕಮಾನು ಸಾಕು.