ಟಿವಿ ಸಿನಿಮಾ ಕೊಳ್ಳುವಾಗ ನಾನು ಮೊದಲು ನೋಡುವುದು ನಿಮಿಷ

ಟಿವಿಗೆಂದೇ ತೆಗೆದ ಸಿನಿಮಾದ ಡಿವಿಡಿ ಆನ್‌ಲೈನ್‌ನಲ್ಲಿ ಕಂಡರೆ, ಅದು ಎಷ್ಟು ನಿಮಿಷದ್ದು ಅಂತ ಮೊದಲು ನೋಡುತ್ತೇನೆ. ಬೆಲೆ ಆಮೇಲೆ. ಕವರ್ ಚೆನ್ನಾಗಿದೆಯಾ ಅನ್ನುವುದು ಅದಕ್ಕೂ ಆಮೇಲೆ. ಈ ಬಗೆಯ ಸಿನಿಮಾಗಳು ಒಂದೇ ಹೆಸರಿನಲ್ಲಿ ಎರಡು ಮೂರು ರೂಪದಲ್ಲಿ ಓಡಾಡುತ್ತಿರುತ್ತವೆ. ಟಿವಿಯಲ್ಲಿ ಬಂದದ್ದು ಒಂದು, ಥಿಯೇಟರಿಗೆಂದು ಉದ್ದ ಮಾಡಿದ್ದು ಇನ್ನೊಂದು, ಟಿವಿಯಲ್ಲಿ ಎರಡು ರಾತ್ರಿ ತೋರಿಸಿದ ಕಥೆಯನ್ನು ಕತ್ತರಿಸಿ ಒಂದೇ ಸಿನಿಮಾ ಮಾಡಿದ್ದು ಮತ್ತೊಂದು. ಮಾರುವವರು ಬಹಳ ಸಲ ಇದು ಯಾವುದು ಅಂತ ಬರೆದೇ ಇರುವುದಿಲ್ಲ.

ಸ್ಪೀಲ್‌ಬರ್ಗ್‌ ಅವರ ‘ಡ್ಯುಯೆಲ್’ ತಗೊಳ್ಳಿ. 1971ರ ನವೆಂಬರ್ 13ರಂದು ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಬಂದಾಗ ಅದು 74 ನಿಮಿಷದ ಸಿನಿಮಾ. ಒಬ್ಬ ಮನುಷ್ಯ ಕಾರಿನಲ್ಲಿ ಹೋಗುತ್ತಿದ್ದಾನೆ, ಒಂದು ಲಾರಿ ಬೆನ್ನು ಬಿದ್ದಿದೆ, ಓಡಿಸುವವನ ಮುಖ ಕಾಣುವುದಿಲ್ಲ. ಅಷ್ಟೇ ಕಥೆ. ಆಮೇಲೆ ಹೊರದೇಶದ ಥಿಯೇಟರುಗಳಿಗಾಗಿ ಹೊಸ ದೃಶ್ಯಗಳನ್ನು ತೆಗೆದು ಸೇರಿಸಿ 90 ನಿಮಿಷ ಮಾಡಿದರು. ಸ್ಕೂಲ್ ಬಸ್ಸಿನ ದೃಶ್ಯ, ರೈಲ್ವೆ ಗೇಟಿನ ದೃಶ್ಯ, ಹೆಂಡತಿಗೆ ಫೋನ್ ಮಾಡುವುದು, ಎಲ್ಲ ಆಮೇಲೆ ಬಂದವು. ಗೇಟಿನ ದೃಶ್ಯ ನನಗೆ ಇಷ್ಟ. ಆದರೆ ಹೆಂಡತಿಯ ಜೊತೆಗಿನ ಮಾತು ಬೇಕಿರಲಿಲ್ಲ. ಆ ಮನುಷ್ಯ ಎಷ್ಟು ಪುಕ್ಕಲ ಅನ್ನುವುದು ಅವನು ಸ್ಟೇರಿಂಗ್ ಹಿಡಿದ ರೀತಿಯಲ್ಲೇ ಗೊತ್ತಾಗುತ್ತದೆ. ಟಿವಿಯ ಮುಂದೆ ಕೂತವರು ನೋಡಿದ್ದು ಆ ಬಿಗಿಯಾದ 74 ನಿಮಿಷ, ನನಗೂ ಅದೇ ಬೇಕು.

‘ಸೇಲಮ್ಸ್ ಲಾಟ್’ ವಿಷಯದಲ್ಲಿ ಇದು ತಿರುಗುಮುರುಗು. 1979ರಲ್ಲಿ ಸಿಬಿಎಸ್ ಚಾನೆಲ್ ಎರಡು ಭಾಗವಾಗಿ ತೋರಿಸಿದ್ದು ಸುಮಾರು ಮೂರು ಗಂಟೆಯ ಕಥೆ. ಒಂದು ಸಣ್ಣ ಊರಿಗೆ ರಕ್ತ ಹೀರುವ ದೆವ್ವ ಹೊಕ್ಕುವ ಕಥೆ. ಯುರೋಪಿನ ಥಿಯೇಟರಿಗೆಂದು ಅದನ್ನೇ 112 ನಿಮಿಷಕ್ಕೆ ಇಳಿಸಿದರು. ಆ ಊರಿನ ಜನರ ಬದುಕೇ ಅದರ ಜೀವ. ಅದನ್ನು ಕತ್ತರಿಸಿದ ಮೇಲೆ ಉಳಿಯುವುದು ಬರೀ ದೆವ್ವ. ಹಾಗಾಗಿ ಪಟ್ಟಿಯಲ್ಲಿ 112 ಅಂತ ಕಂಡರೆ ಎಷ್ಟೇ ಅಗ್ಗವಾಗಿದ್ದರೂ ಮುಂದೆ ಹೋಗುತ್ತೇನೆ.

ನಿಮಿಷ ನೋಡುವಾಗ ಒಂದು ಲೆಕ್ಕ ನೆನಪಿಡಬೇಕು. ಫಿಲ್ಮು ಸೆಕೆಂಡಿಗೆ 24 ಚಿತ್ರದಂತೆ ಓಡುತ್ತದೆ. ಯುರೋಪಿನ ಪಾಲ್ (ಅಲ್ಲಿನ ಟಿವಿ ಪದ್ಧತಿ) ಡಿವಿಡಿಗಳಲ್ಲಿ ಅದನ್ನು 25ಕ್ಕೆ ಓಡಿಸಿರುತ್ತಾರೆ. ಅಂದರೆ ಶೇ. 4ರಷ್ಟು ವೇಗ ಜಾಸ್ತಿ. 90 ನಿಮಿಷದ್ದು 86 ಆಗುತ್ತದೆ, 74ರದ್ದು 71 ಆಗುತ್ತದೆ. ಇಂಗ್ಲೆಂಡಿನ ಡಿಸ್ಕಿನ ಮೇಲೆ 71 ಅಂತ ಇದ್ದರೆ ಕತ್ತರಿ ಬಿದ್ದಿದೆ ಅಂತ ಗಾಬರಿ ಬೇಡ. ಅದು ಪೂರ್ತಿಯೇ ಇದ್ದೀತು.

ಎರಡನೆಯದಾಗಿ ಚಿತ್ರದ ಆಕಾರ. ಹಳೆಯ ಟಿವಿ ಸಿನಿಮಾಗಳನ್ನು ಆಗಿನ ಚೌಕದಂಥ ಪರದೆಗೆಂದೇ, ಅಂದರೆ 4:3 ಅಳತೆಗೆ, ಚೌಕಟ್ಟು ಕಟ್ಟಿ ತೆಗೆಯುತ್ತಿದ್ದರು. ಈಗಿನ ಅಗಲ ಟಿವಿಗೆ ಹೊಂದಿಸುತ್ತೇವೆ ಅಂತ ಕೆಲವರು ಮೇಲೆ ಕೆಳಗೆ ಕತ್ತರಿಸಿಬಿಡುತ್ತಾರೆ. ಹಣೆ ಹೋಗುತ್ತದೆ, ಕೈ ಹೋಗುತ್ತದೆ. ‘ವೈಡ್‌ಸ್ಕ್ರೀನ್’ ಅನ್ನುವ ಮಾತು ಇಂಥ ಸಿನಿಮಾದ ಮಟ್ಟಿಗೆ ಹೊಗಳಿಕೆಯಲ್ಲ. ಮಾರುವವರಿಗೆ ಒಂದು ಸಾಲು ಬರೆದು ಕವರಿನ ಹಿಂಬದಿಯ ಫೋಟೋ ತರಿಸಿಕೊಳ್ಳುತ್ತೇನೆ. ನಿಮಿಷ, ಆಕಾರ, ರೀಜನ್ (ಡಿಸ್ಕ್ ಯಾವ ದೇಶಗಳ ಪ್ಲೇಯರಿನಲ್ಲಿ ಓಡುತ್ತದೆ ಅನ್ನುವ ಗುರುತು) ಸಾಮಾನ್ಯವಾಗಿ ಅಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತವೆ. ಫೋಟೋ ಕಳಿಸಲು ಸತಾಯಿಸುವವರ ಹತ್ತಿರ ನಾನು ಕೊಳ್ಳುವುದಿಲ್ಲ.

ಡಿಸ್ಕಿನ ತಳದ ಫೋಟೋವನ್ನೂ ಕೇಳುತ್ತೇನೆ. ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಡಿಸ್ಕಿನ ತಳ ಬೆಳ್ಳಿಯ ಬಣ್ಣ ಅಥವಾ ತಿಳಿ ಬಂಗಾರದ ಬಣ್ಣ ಇರುತ್ತದೆ. ಡ್ರೈವ್‌ನಲ್ಲಿ ಒಂದೊಂದಾಗಿ ಬರೆದ (ಬರ್ನ್ ಮಾಡಿದ) ಡಿಸ್ಕಿನ ತಳ ಸಾಮಾನ್ಯವಾಗಿ ನೇರಳೆ. ದೀಪದ ಕೆಳಗೆ ಸ್ವಲ್ಪ ಓರೆ ಮಾಡಿದರೆ ಆ ನೇರಳೆ ಛಾಯೆ ಎದ್ದು ಕಾಣುತ್ತದೆ. ನೇರಳೆ ಅಂದ ಮಾತ್ರಕ್ಕೆ ಕಳ್ಳಮಾಲು ಅಂತಲ್ಲ. ವಾರ್ನರ್ ಕಂಪನಿ 2009ರಲ್ಲಿ ಆರ್ಡರ್ ಬಂದಂತೆ ಡಿಸ್ಕ್ ಬರೆದು ಕಳಿಸುವ ವ್ಯವಸ್ಥೆ ಶುರು ಮಾಡಿತು. ದೊಡ್ಡ ಮಟ್ಟದಲ್ಲಿ ಅಚ್ಚು ಹಾಕಿದರೆ ಖರ್ಚೂ ಹುಟ್ಟದ ಎಷ್ಟೋ ಟಿವಿ ಸಿನಿಮಾಗಳು ಆ ದಾರಿಯಲ್ಲೇ ಹೊರಗೆ ಬಂದವು. ಅವು ಅಸಲಿ. ಕಂಪನಿಯ ಹೆಸರಿಲ್ಲ, ಕವರು ಮನೆಯ ಪ್ರಿಂಟರಿನದು, ತಳ ನೇರಳೆ, ಇವು ಮೂರೂ ಕೂಡಿದರೆ ಮಾತ್ರ ಅದು ಯಾರೋ ಟಿವಿಯಿಂದ ಹಿಡಿದು ಬರೆದದ್ದು. ಅಂಥದ್ದಕ್ಕೆ ದುಡ್ಡು ಕೊಟ್ಟರೆ ಸಿನಿಮಾ ಮಾಡಿದವರಿಗೆ ಒಂದು ಪೈಸೆಯೂ ಸೇರುವುದಿಲ್ಲ.

ರೀಜನ್ ವಿಷಯ ನನಗೆ ಹೇಳಿಕೊಟ್ಟದ್ದು ಪುಣೆಯಲ್ಲಿರುವ ಅಕ್ಕನ ಮಗ. ಡಿವಿಡಿಗೆ ಭಾರತ ರೀಜನ್ 5, ಅಮೆರಿಕ 1, ಇಂಗ್ಲೆಂಡ್ 2. ಬ್ಲೂ-ರೇಗೆ ನಮ್ಮದು ಸಿ, ಅಮೆರಿಕದ್ದು ಎ. ಕಂಪ್ಯೂಟರಿನ ಡ್ರೈವ್‌ನಲ್ಲಿ ಸುಮ್ನೆ ರೀಜನ್ ಬದಲಿಸೋಣ ಅಂತ ಹೊರಟಿದ್ದೆ. ಫೋನಿನಲ್ಲೇ ತಡೆದ.

“ಮಾವಾ, ಅದಕ್ಕೆ ಕೈ ಹಾಕ್ಬೇಡಿ. ಐದೇ ಸಲ ಬದಲಿಸೋಕೆ ಆಗೋದು. ಆಮೇಲೆ ಕೊನೇದು ಯಾವ್ದೋ ಅದೇ ಖಾಯಂ. ರೀಜನ್ ಫ್ರೀ ಪ್ಲೇಯರ್ ಒಂದು ತಗೊಂಡ್ಬಿಡಿ.”

ಮುಂಬೈಯ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಅಂಥದ್ದೇ ತಂದೆ. ಅಂಗಡಿಗೆ ಅಮೆರಿಕದ ಒಂದು ಡಿಸ್ಕ್ ಒಯ್ದಿದ್ದೆ. ಅಲ್ಲೇ ಹಾಕಿಸಿ, ಚಿತ್ರ ಮೂಡಿದ ಮೇಲೆಯೇ ದುಡ್ಡು ಕೊಟ್ಟೆ. ಕೊಳ್ಳುವವರು ಹೀಗೇ ಮಾಡಿ. ಡಬ್ಬಿಯ ಮೇಲೆ ಬರೆದದ್ದನ್ನು ನಂಬಬೇಡಿ.

ದುಡ್ಡು ಕಟ್ಟುವುದು ಸುಲಭ, ಆದರೆ ಕಾರ್ಡು ತಯಾರಿರಬೇಕು. 2020ರಲ್ಲಿ ರಿಸರ್ವ್ ಬ್ಯಾಂಕಿನ ನಿಯಮ ಬಂದ ಮೇಲೆ ಹೊಸ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಆನ್ ಮಾಡಬೇಕು. ನಾನು ಸಣ್ಣ ಮಿತಿ ಇಟ್ಟು ಆನ್ ಮಾಡುತ್ತೇನೆ, ಖರೀದಿ ಮುಗಿದ ಕೂಡಲೇ ಆಫ್. ಡಾಲರಿನ ಬೆಲೆಯ ಮೇಲೆ ಬ್ಯಾಂಕಿನ ಕಮಿಷನ್, ಸಾಗಣೆ, ಆಮೇಲೆ ಕಸ್ಟಮ್ಸ್ ಸುಂಕ. ಅಂಚೆಯಲ್ಲಿ ಬಂದರೆ ಸುಂಕವನ್ನು ಪೋಸ್ಟ್‌ಮ್ಯಾನ್ ಮನೆ ಬಾಗಿಲಲ್ಲೇ ವಸೂಲಿ ಮಾಡುತ್ತಾರೆ. ಎಲ್ಲ ಕೂಡಿಸಿದರೆ ಸಿನಿಮಾಗಿಂತ ಅದರ ಪ್ರಯಾಣವೇ ದುಬಾರಿಯಾಗುವುದುಂಟು. ಅದಕ್ಕೇ ನಾಲ್ಕಾರು ಡಿಸ್ಕ್ ಕೂಡಿಸಿ, ಒಬ್ಬರೇ ಮಾರಾಟಗಾರರಿಂದ ಒಂದೇ ಪಾರ್ಸೆಲ್ ತರಿಸುತ್ತೇನೆ. ಮಾಟುಂಗಾದಲ್ಲಿ ನನ್ನಂತೆಯೇ ಹುಚ್ಚಿರುವ ಗೆಳೆಯರೊಬ್ಬರಿದ್ದಾರೆ. ಅವರದ್ದೂ ನನ್ನದೂ ಒಟ್ಟಿಗೇ ಬರುತ್ತದೆ.

ನಮ್ಮ ದೂರದರ್ಶನದವು ಬೇಕಿದ್ದರೆ ಇಷ್ಟು ಒದ್ದಾಟವಿಲ್ಲ. ಮೊದಲು ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ಗೋವಾದಲ್ಲಿ ಶುರು ಮಾಡಿದ ‘ವೇವ್ಸ್’ ಆ್ಯಪ್‌ನಲ್ಲಿ ಹುಡುಕುತ್ತೇನೆ. ಅಲ್ಲಿ ಸಿಗದಿದ್ದರೆ ಡಿಸ್ಕು. ದೇಶ ವಿಭಜನೆಯ ಗಲಭೆಯ ಕಥೆಯಾದ, ಗೋವಿಂದ ನಿಹಲಾನಿ ಅವರ ‘ತಮಸ್’ ಮಾತ್ರ ನನಗೆ ಮನೆಯಲ್ಲೇ ಇರಬೇಕಿತ್ತು. 1988ರ ಜನವರಿಯಲ್ಲಿ ಅದರ ಪ್ರಸಾರ ನಿಲ್ಲಿಸಿ ಅಂತ ಬಾಂಬೆ ಹೈಕೋರ್ಟಿಗೆ ಅರ್ಜಿ ಹೋಗಿತ್ತು. ನ್ಯಾಯಮೂರ್ತಿಗಳಾದ ಲೆಂಟಿನ್ ಮತ್ತು ಸುಜಾತಾ ಮನೋಹರ್ ಚಿತ್ರವನ್ನು ಪೂರ್ತಿ ನೋಡಿ, ಪ್ರಸಾರ ಮುಂದುವರಿಯಲಿ ಎಂದರು. ಪೂರ್ತಿ ಅಂದರೆ ಸುಮಾರು ಐದು ಗಂಟೆ. ಕೋರ್ಟೇ ಅಷ್ಟು ಹೊತ್ತು ಕೂತು ನೋಡಿದ್ದನ್ನು ನಾವು ತುಂಡಾಗಿ ಯಾಕೆ ಕೊಳ್ಳಬೇಕು? ಇಲ್ಲೂ ನಿಮಿಷ ನೋಡಿಯೇ ತಗೊಂಡೆ.

ಪಾರ್ಸೆಲ್ ಬಂದ ದಿನ ಅದನ್ನು ತೆರೆಯುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತೇನೆ. ಒಡೆದ ಡಿಸ್ಕ್ ಬಂದರೆ ದುಡ್ಡು ವಾಪಸ್ ಕೇಳಲು ಅದೇ ಸಾಕ್ಷಿ. ಆಮೇಲೆ ಸಿನಿಮಾವನ್ನು ಮೊದಲಿಂದ ಕೊನೆಯವರೆಗೆ ಓಡಿಸಿ ನೋಡುತ್ತೇನೆ, ಅದೂ ವಾಪಸ್ ಮಾಡುವ ಗಡುವಿನ ಒಳಗೆ. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ, ಕೊನೆಯ ಅರ್ಧ ಗಂಟೆಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುವ ಡಿಸ್ಕುಗಳೂ ಬರುತ್ತವೆ. ಒಬ್ಬ ಮಾರಾಟಗಾರ ಹೊಸದು ಅಂತ ಕಳಿಸಿದ್ದು ಹಾಗೇ ಇತ್ತು. ಆ ಜಾಗದ ಫೋಟೋ ಕಳಿಸಿದ ಮೇಲೆ ಮರುಮಾತಿಲ್ಲದೆ ಹಣ ಹಿಂದಿರುಗಿಸಿದ. ಡೊಂಬಿವಲಿಯ ಮಳೆಗಾಲದಲ್ಲಿ ಡಿಸ್ಕಿಗೆ ಬೂಷ್ಟು ಹಿಡಿಯುವ ಭಯ ಬೇರೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಪೊಟ್ಟಣ ಹಾಕಿ, ಡಿಸ್ಕುಗಳನ್ನು ನೆಟ್ಟಗೆ ನಿಲ್ಲಿಸಿ ಇಡುತ್ತೇನೆ. ಜೂನ್‌ಗೆ ಮುಂಚೆ ಪೊಟ್ಟಣ ಬದಲಿಸುತ್ತೇನೆ.