ಪೆಡಲ್ ಸ್ಟೀಲ್ ಗಿಟಾರಿನ ಕಾಲಿಗೆ ಹೊಸ ಥ್ರೆಡ್: ನನ್ನ ಅನುಭವ

ಪೆಡಲ್ ಸ್ಟೀಲ್ ಗಿಟಾರಿನಲ್ಲಿ ಥ್ರೆಡ್, ಅಂದರೆ ತಿರುಪು ಕಚ್ಚಿಕೊಳ್ಳುವ ಸುರುಳಿ ಗೆರೆ, ಸವೆದು ಹೋಗಿದ್ದರೆ, ಅದು ಇಂಚಿನ ಥ್ರೆಡ್ಡೋ ಮಿಲಿಮೀಟರಿನದೋ ಎಂದು ತಿಳಿಯುವವರೆಗೆ ಡ್ರಿಲ್ ಮುಟ್ಟಬೇಡಿ. ಈ ವಾದ್ಯ ಅಮೆರಿಕದಲ್ಲಿ ರೂಪುಗೊಂಡದ್ದು, ಅಲ್ಲಿ ತಯಾರಾದವುಗಳ ತಿರುಪುಗಳೂ ಅಲ್ಲಿನ ಇಂಚಿನ ಅಳತೆಯವೇ. ನಮ್ಮ ಕಾರವಾರದ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಕೈಗೆ ಬರುವುದು ಎಂ.ಎಂ. ಬೋಲ್ಟು. ನನ್ನ ಬಳಿ ಬಂದ ವಾದ್ಯ ಹಾಳಾದದ್ದು ಇದರಿಂದಲೇ.

ಕೋಡಿಬಾಗದ ಹಿರಿಯ ವಾದಕರೊಬ್ಬರ ಗಿಟಾರು ಅದು. ನೋಡದವರಿಗಾಗಿ ಹೇಳುವುದಾದರೆ, ನಾಲ್ಕು ಕಾಲುಗಳ ಮೇಲೆ ಮೇಜಿನಂತೆ ನಿಲ್ಲುವ ಹತ್ತು ತಂತಿಗಳ ವಾದ್ಯ. ಎಡಗೈಯಲ್ಲಿ ಉಕ್ಕಿನ ಸರಳು ಹಿಡಿದು ತಂತಿಯ ಮೇಲೆ ಜಾರಿಸುತ್ತಾರೆ. ಪಾದದಿಂದ ಪೆಡಲ್ ಒತ್ತಿದರೆ, ಮೊಣಕಾಲಿನಿಂದ ಲಿವರ್ ತಳ್ಳಿದರೆ ಒಳಗಿನ ಸರಳುಗಳು ತಂತಿಯನ್ನು ಎಳೆದು ಸ್ವರ ಬದಲಿಸುತ್ತವೆ. ಕಾಲುಗಳನ್ನು ಪ್ರತಿ ಕಾರ್ಯಕ್ರಮಕ್ಕೂ ತಿರುಗಿಸಿ ಕೂರಿಸಬೇಕು, ಮುಗಿದ ಮೇಲೆ ಬಿಚ್ಚಬೇಕು. ಪೆಡಲುಗಳನ್ನು ಹೊತ್ತ ಪಟ್ಟಿ ಮುಂದಿನ ಎರಡು ಕಾಲುಗಳ ನಡುವೆ ಕೂತಿರುವುದರಿಂದ ವಾದಕನ ಪಾದದ ಒತ್ತಡವೆಲ್ಲ ಆ ಕಾಲುಗಳ ಮೇಲೆಯೇ ಬೀಳುತ್ತದೆ. ಅಂಥ ಒಂದು ಕಾಲು ಕೂರುವ ಅಲ್ಯೂಮಿನಿಯಂ ತಟ್ಟೆಯ ರಂಧ್ರದಲ್ಲಿ ಥ್ರೆಡ್ ಹೋಗಿತ್ತು. ಕಾಲು ಎಷ್ಟು ತಿರುಗಿಸಿದರೂ ಬಿಗಿಯಾಗದೆ ಸುತ್ತುತ್ತಲೇ ಇತ್ತು.

ಮೂಲ ಥ್ರೆಡ್ 5/16 ಇಂಚಿನದು, ಇಂಚಿಗೆ 18 ಸುತ್ತು. 5/16 ಇಂಚು ಎಂದರೆ 7.94 ಮಿಲಿಮೀಟರ್, ಕಣ್ಣಿಗೂ ಕೈಗೂ 8 ಎಂ.ಎಂ. ಬೋಲ್ಟಿನಂತೆಯೇ. ಆದರೆ ಸುತ್ತಿನಿಂದ ಸುತ್ತಿಗೆ ಇರುವ ಅಂತರ ಇಲ್ಲಿ 1.41 ಮಿಲಿಮೀಟರ್, 8 ಎಂ.ಎಂ. ಬೋಲ್ಟಿನಲ್ಲಿ 1.25. ಹಿಂದೆ ಯಾರೋ ಕಾಲಿನ ತುದಿಯ ತಿರುಪು ಕಳೆದುಹೋದಾಗ 8 ಎಂ.ಎಂ.ನದನ್ನು ಹಾಕಿಕೊಟ್ಟಿದ್ದರು. ಅದು ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಬಲ ಹಾಕಿದರೆ ಉಕ್ಕು ಅಲ್ಯೂಮಿನಿಯಂ ಥ್ರೆಡ್ಡನ್ನು ಕೆರೆದು ತೆಗೆಯುತ್ತದೆ. ಪಿಚ್ ಗೇಜ್ ಎಂಬ ಹಲ್ಲುಪಟ್ಟಿಯ ಕಟ್ಟು ಇದ್ದರೆ ಈ ವ್ಯತ್ಯಾಸ ತಿಳಿಯಲು ಕ್ಷಣ ಸಾಕು. ಪಕ್ಕದ ಕಾಲಿನ ಮೂಲ ತಿರುಪಿನ ಮೇಲೆ ಅದನ್ನಿಟ್ಟು ನೋಡಿಯೇ ನಾನು ಖಚಿತಪಡಿಸಿಕೊಂಡದ್ದು.

ಹಳೆಯ ಲೇತ್ ಅಂಗಡಿಗಳಲ್ಲಿ ಎರಡೂವರೆ ಸೂತಿನ, ಅಂದರೆ 5/16 ಇಂಚಿನದೇ ಆದ, ಬ್ರಿಟಿಷ್ ವಿಟ್‌ವರ್ಥ್ ಅಳತೆಯ ಟ್ಯಾಪ್ (ರಂಧ್ರದೊಳಗೆ ಥ್ರೆಡ್ ಕೊರೆಯುವ ಉಪಕರಣ) ಈಗಲೂ ಸಿಗುತ್ತದೆ. ಅದರಲ್ಲೂ ಇಂಚಿಗೆ 18 ಸುತ್ತೇ, ಆದರೆ ಹಲ್ಲಿನ ಕೋನ 55 ಡಿಗ್ರಿ, ಅಮೆರಿಕದ್ದು 60. ಗೇಟಿನ ಚಿಲಕಕ್ಕಾದರೆ ನಡೆದೀತು. ದಿನವೂ ಬಿಚ್ಚಿ ಕೂರಿಸುವ ಕಾಲಿಗೆ ನಾನು ಅದನ್ನು ಒಪ್ಪುವುದಿಲ್ಲ.

ಕಡಲ ಗಾಳಿಯೂ ತನ್ನ ಪಾಲಿನ ಕೆಲಸ ಮಾಡಿತ್ತು. ಉಪ್ಪಿನ ತೇವದಲ್ಲಿ ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿಕೊಂಡಿದ್ದರೆ ಕರಗುವುದು ಅಲ್ಯೂಮಿನಿಯಂ. ರಂಧ್ರದೊಳಗೆ ಬಿಳಿ ಪುಡಿ ಕಟ್ಟಿತ್ತು. ಅದನ್ನು ಕೆರೆದು ತೆಗೆದಾಗ ಬಾಯಿಯ ಕಡೆ ರಂಧ್ರ ಅಂಡಾಕಾರಕ್ಕೆ ತಿರುಗಿ 9 ಮಿಲಿಮೀಟರಿಗೂ ಮೀರಿ ಅಗಲವಾಗಿದ್ದುದು ಕಾಣಿಸಿತು. ರಂಧ್ರ ದುಂಡಗೆ ಉಳಿದಿದ್ದರೆ ನನ್ನ ಮೊದಲ ಆಯ್ಕೆ ಹೆಲಿಕಾಯಿಲ್, ಅಂದರೆ ಥ್ರೆಡ್ಡಿನ ಆಕಾರದ ಉಕ್ಕಿನ ತಂತಿಸುರುಳಿ. ಇಲ್ಲಿ ಅದಕ್ಕೆ ಹಿಡಿತ ಸಾಲದು. ಎಪಾಕ್ಸಿ ಪುಟ್ಟಿ ತುಂಬಿ ಥ್ರೆಡ್ ಕೊರೆಯುವ ಸಲಹೆಯೂ ಬಂತು. ಪಾದದ ಒತ್ತಡ ಪಕ್ಕದಿಂದ ಬೀಳುವ ಜಾಗದಲ್ಲಿ ಆ ಪುಟ್ಟಿ ಒಡೆಯುತ್ತದೆ, ಮತ್ತೆ ರಿಪೇರಿ ಮಾಡುವವನಿಗೆ ಇನ್ನಷ್ಟು ಕಷ್ಟ. ಹಾಗಾಗಿ ಹೊರಗೆ 12 ಎಂ.ಎಂ. ಥ್ರೆಡ್, ಒಳಗೆ ಮೂಲದ 5/16 ಥ್ರೆಡ್ ಇರುವ ಬುಶ್, ಅಂದರೆ ಲೋಹದ ಗಿಡ್ಡ ಕೊಳವೆ, ಕೂರಿಸಲು ನಿರ್ಧರಿಸಿದೆ.

ಬುಶ್ ಮಾಡಿಸಿದ್ದು ಬೈತಖೋಲ್ ಬಂದರಿನ ಕಡೆಯ ಒಂದು ಲೇತ್‌ನಲ್ಲಿ. ಮೀನುಗಾರಿಕೆ ದೋಣಿಗಳ ಎಂಜಿನ್ ಕೆಲಸ ಮಾಡುವವರು ಅವರು, ಸ್ಟೇನ್‌ಲೆಸ್ ಸ್ಟೀಲಿನ ಗುಣ ಅವರಿಗೆ ಚೆನ್ನಾಗಿ ಗೊತ್ತು. “ಹಿತ್ತಾಳೆ ಸುಲಭ ಮಾರಾಯರೇ, ಅದನ್ನೇ ಮಾಡಿಕೊಡುತ್ತೇನೆ” ಎಂದರು. ಆದರೆ ಒಳಗಿನ ಮತ್ತು ಹೊರಗಿನ ಥ್ರೆಡ್ಡುಗಳ ನಡುವೆ ಬುಶ್ಶಿನ ಗೋಡೆ ಒಂದು ಮಿಲಿಮೀಟರಿನಷ್ಟೇ ಉಳಿಯುತ್ತದೆ. ಅಷ್ಟು ತೆಳುವಿಗೆ ಹಿತ್ತಾಳೆಯನ್ನು ನಾನು ನಂಬಲಿಲ್ಲ, ಸ್ಟೇನ್‌ಲೆಸ್‌ನಲ್ಲೇ ಮಾಡಿಸಿದೆ.

ಇಡೀ ಕೆಲಸದ ಜೀವ ಇರುವುದು ರಂಧ್ರದ ದಿಕ್ಕಿನಲ್ಲಿ. ಈ ವಾದ್ಯದ ಕಾಲುಗಳು ನೆಟ್ಟಗೆ ಇಳಿಯುವುದಿಲ್ಲ, ಸ್ವಲ್ಪ ಹೊರಕ್ಕೆ ಓರೆ. ರಂಧ್ರವನ್ನು ಲಂಬವಾಗಿ ಕೊರೆದರೆ ಕಾಲು ನೆಲಕ್ಕೆ ಸರಿಯಾಗಿ ಊರದೆ ಪೆಡಲ್ ಪಟ್ಟಿ ತಿರುಚಿಕೊಳ್ಳುತ್ತದೆ. ತಂತಿಗಳನ್ನು ಸಡಿಲಿಸಿ, ಒಳಗಿನ ಜೋಡಣೆಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು, ಬಿರಡೆಗಳ ಕಡೆಯ ಅಲ್ಯೂಮಿನಿಯಂ ತಟ್ಟೆಯನ್ನು ಬಿಚ್ಚಿದೆ. ಅದೇ ತಟ್ಟೆಯ ಹಿಂಬದಿಯ ಸರಿಯಾಗಿದ್ದ ರಂಧ್ರಕ್ಕೆ ನೇರವಾದ ಸರಳು ತಿರುಗಿಸಿ, ಓರೆಮಟ್ಟದಿಂದ ಅದರ ಕೋನ ಹಿಡಿದು, ಡ್ರಿಲ್ ಯಂತ್ರದ ಮೇಜನ್ನು ಅಷ್ಟೇ ಓರೆ ಮಾಡಿದೆ. ಹಳೆಯ ರಂಧ್ರ ಅಂಡಾಕಾರವಾದ್ದರಿಂದ ಡ್ರಿಲ್ ಬಿಟ್ ಸವೆದ ಕಡೆಗೇ ಜಾರಲು ನೋಡುತ್ತದೆ. ತಟ್ಟೆಯನ್ನು ಕ್ಲ್ಯಾಂಪಿನಿಂದ ಬಿಗಿದು, ಚಿಕ್ಕ ಬಿಟ್ಟಿನಿಂದ ಮೇಲೇರುತ್ತ 10.2 ಮಿಲಿಮೀಟರಿಗೆ ತಂದೆ. 12 ಎಂ.ಎಂ. ಒರಟು (ಸುತ್ತುಗಳ ಅಂತರ ಹೆಚ್ಚಿರುವ) ಥ್ರೆಡ್ಡಿಗೆ ಅದೇ ಅಳತೆ. ಟ್ಯಾಪನ್ನೂ ಅದೇ ಯಂತ್ರದ ಚಕ್ಕಿನಲ್ಲಿ ಹಿಡಿದು ಕೈಯಿಂದ ತಿರುಗಿಸಿದೆ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ನಡುನಡುವೆ ಸೀಮೆಎಣ್ಣೆ. ಅಲ್ಯೂಮಿನಿಯಂ ಮೆತ್ತಗಿನ ಲೋಹ. ಎಣ್ಣೆಯಿಲ್ಲದಿದ್ದರೆ ಟ್ಯಾಪಿಗೆ ಮೆತ್ತಿಕೊಂಡು ಹೊಸ ಥ್ರೆಡ್ಡನ್ನೇ ಹರಿಯುತ್ತದೆ.

ಜಿಡ್ಡು ಪೂರ್ತಿ ತೊಳೆದು, ಬುಶ್ಶಿನ ಹೊರಮೈಗೆ ಗಟ್ಟಿ ಹಿಡಿತದ ಕೆಂಪು ಥ್ರೆಡ್‌ಲಾಕರ್ ಹಚ್ಚಿ ಕೂರಿಸಿದೆ. ಅದು ಕಾಲಿನ ಜೊತೆ ಬುಶ್ ಬಿಚ್ಚಿಬರದಂತೆ ತಡೆಯುತ್ತದೆ, ಎರಡು ಲೋಹಗಳ ನಡುವೆ ಉಪ್ಪುನೀರು ಸೇರದಂತೆಯೂ ಕಾಯುತ್ತದೆ. ಇಲ್ಲಿ ಈ ಎರಡನೆಯ ಕೆಲಸವೇ ದೊಡ್ಡದು. ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ಮೇಲೆ ಈ ಅಂಟು ನಿಧಾನಕ್ಕೆ ಗಟ್ಟಿಯಾಗುತ್ತದೆ, ಆದ್ದರಿಂದ ಒಂದು ಹಗಲು ಒಂದು ರಾತ್ರಿಗಿಂತ ಮೊದಲು ಕಾಲು ಹಾಕಬಾರದು. ಮುಂದೆ ಎಂದಾದರೂ ಬುಶ್ ತೆಗೆಯಬೇಕಾದರೆ ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದರೆ ಸಡಿಲವಾಗುತ್ತದೆ. ಕಾಲಿನ ತುದಿಗೆ ಇಂಚಿನ ಅಳತೆಯ ಹೊಸ ತಿರುಪು ಕೂರಿಸಿ, ಅದಕ್ಕೆ ಅಂಟಿನ ಬದಲು ತೆಳುವಾಗಿ ಗ್ರೀಸ್ ಸವರಿದೆ.

ಅದೇ ಗಿಟಾರಿನಲ್ಲಿ ಮೊದಲ ಪೆಡಲಿನ ಎಳೆತವನ್ನು ತಂತಿಯ ಕಡೆಗೆ ದಾಟಿಸುವ ಬೆಲ್ ಕ್ರ್ಯಾಂಕಿನ ಸಣ್ಣ ತಿರುಪೂ ಸಡಿಲವಾಗಿತ್ತು. ಬಿ ಸ್ವರ ಸಿ ಶಾರ್ಪಿಗೆ ಏರುವ ಪೆಡಲ್ ಅದು, ಈ ವಾದ್ಯದ ಅಳುವಿನಂಥ ದನಿಗೆ ಅದಿಲ್ಲದೆ ಆಗದು. ಅಲ್ಲಿದ್ದದ್ದು ಹತ್ತನೇ ನಂಬರಿನ ತಿರುಪು, ಇಂಚಿಗೆ 32 ಸುತ್ತು: ದಪ್ಪ 4.83 ಮಿಲಿಮೀಟರ್, ಸುತ್ತಿನ ಅಂತರ 0.794. ನಮ್ಮ 5 ಎಂ.ಎಂ. ತಿರುಪಿನ ಅಂತರ 0.8. ಇಲ್ಲಿ ಮಾತ್ರ ಎರಡು ಅಳತೆಗಳು ನಮ್ಮ ನೆರವಿಗೆ ಬರುತ್ತವೆ. 5 ಎಂ.ಎಂ. ಟ್ಯಾಪನ್ನು ಹಳೆಯ ಹಾದಿಯಲ್ಲೇ ನಿಧಾನವಾಗಿ ನಡೆಸಿದರೆ ತುಸು ಅಗಲವಾದ ಹೊಸ ಥ್ರೆಡ್ ಸಿಗುತ್ತದೆ. ಥ್ರೆಡ್ ಪೂರ್ತಿ ನುಣ್ಣಗಾಗಿದ್ದರೆ ಇದು ಆಗದು, ಅರ್ಧ ಉಳಿದಿದ್ದರೆ ಆಗುತ್ತದೆ. ಇಲ್ಲಿ ಉಳಿದಿತ್ತು. ಮುಂದೆ ಬಿಚ್ಚುವವರು ಮತ್ತೆ ಇಂಚಿನ ತಿರುಪು ಹುಡುಕದಿರಲಿ ಎಂದು ಆ ಕ್ರ್ಯಾಂಕಿನ ಪಕ್ಕದ ಮರದ ಮೇಲೆ ‘5 ಎಂ.ಎಂ.’ ಎಂದು ಅಳಿಸದ ಶಾಯಿಯಲ್ಲಿ ಬರೆದಿದ್ದೇನೆ.