ಹೆಡ್‌ಫೋನ್, ಸ್ಪೀಕರ್ ಸೌಂಡ್ ಸರಿ ಇಲ್ವಾ? ಮನೇಲೇ ಟೆಸ್ಟ್ ಮಾಡೋದು ಹೀಗೆ

ಒಂದು ಕಿವೀಲಿ ಸೌಂಡ್ ಕಮ್ಮಿ, ಬೇಸ್ ಬಂದಾಗ ಸ್ಪೀಕರ್ ಗರಗರ ಅನ್ನುತ್ತೆ, ಇಲ್ಲಾ ವಾದ್ಯಗಳೆಲ್ಲ ಕೇಳ್ಸುತ್ತೆ ಆದ್ರೆ ಹಾಡೋರ ದನಿ ಮಾತ್ರ ಬಾವಿಯೊಳಗಿಂದ ಬಂದಂಗಿರುತ್ತೆ. ಇಂಥದ್ದು ಶುರುವಾದ ತಕ್ಷಣ ಹೊಸದು ತಗೊಳೋಕೆ ಹೋಗ್ಬೇಡಿ ದಯವಿಟ್ಟು. ಎಷ್ಟೋ ಸಲ ತೊಂದ್ರೆ ಇರೋದು ಹೆಡ್‌ಫೋನ್‌ನಲ್ಲಲ್ಲ, ಫೋನಿನ ಸೆಟ್ಟಿಂಗ್ಸಲ್ಲೋ ವೈರಲ್ಲೋ ಜಾಕ್‌ನೊಳಗೆ ಸೇರ್ಕೊಂಡಿರೋ ಕಸದಲ್ಲೋ ಇರುತ್ತೆ. ಅದು ಎಲ್ಲಿದೆ ಅಂತ ಹಿಡಿಯೋಕೆ ಒಂದು ಸಲಕ್ಕೆ ಒಂದೇ ಒಂದನ್ನ ಬದಲಾಯಿಸಿ ನೋಡ್ಬೇಕು, ಎರಡು ಮೂರು ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತಾನೇ ಗೊತ್ತಾಗಲ್ಲ.

ಮೊದಲು ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಎಡ-ಬಲ ಬ್ಯಾಲೆನ್ಸ್ ಸ್ಲೈಡರ್ ಇರುತ್ತೆ, ಅದು ನಡುವಿಂದ ಸರಿದಿದ್ರೆ ಅಲ್ಲಿಗೆ ಕಥೆ ಮುಗೀತು. ಈಕ್ವಲೈಜರ್, ಬೇಸ್ ಬೂಸ್ಟ್, ಸರೌಂಡ್ ಎಲ್ಲಾ ಆಫ್ ಮಾಡಿ. ಆಮೇಲೆ ಹೆಡ್‌ಫೋನ್‌ನ ಉಲ್ಟಾ ಹಾಕ್ಕೊಳ್ಳಿ, ಅಂದ್ರೆ ಎಡಗಡೇದು ಬಲಗಿವಿಗೆ. ಕಮ್ಮಿ ಸೌಂಡು ಇನ್ನೊಂದು ಕಿವಿಗೆ ಹೋಯ್ತು ಅಂದ್ರೆ ತೊಂದ್ರೆ ಹೆಡ್‌ಫೋನ್‌ದೋ ಫೋನ್‌ದೋ, ಬೇರೆ ಫೋನಿಗೆ ಹಾಕಿ ನೋಡಿದ್ರೆ ಯಾವುದು ಅಂತ ತಿಳಿಯುತ್ತೆ. ಮೊದಲಿದ್ದ ಕಿವೀಲೇ ಕಮ್ಮಿ ಉಳೀತು ಅಂದ್ರೆ ಅದು ನಿಮ್ಮ ಕಿವಿ. ಗುಗ್ಗೆ ಕಟ್ಟಿರಬಹುದು, ನೆಗಡಿ ಇರಬಹುದು, ಆದ್ರೆ ದಿಢೀರಂತ ಒಂದೇ ಕಿವಿ ಮಂದ ಆಗಿದ್ರೆ ತಡ ಮಾಡ್ದೆ ಡಾಕ್ಟರಿಗೆ ತೋರಿಸಿ, ಹೆಡ್‌ಫೋನ್ ಆಮೇಲೆ ನೋಡ್ಕೊಂಡ್ರಾಯ್ತು.

ಈಗ ನಿಜವಾದ ಟೆಸ್ಟು. ಹಾಡು ಹಾಕಿ ಟೆಸ್ಟ್ ಮಾಡ್ಬೇಡಿ, ಹಾಡಲ್ಲಿ ಅಷ್ಟೊಂದು ಶಬ್ದ ಒಟ್ಟಿಗಿರೋದ್ರಿಂದ ಸಣ್ಣ ಗರಗರ ಅದರೊಳಗೇ ಮುಚ್ಚಿಹೋಗುತ್ತೆ. ಕಂಪ್ಯೂಟರಲ್ಲಿ ಆಡಾಸಿಟಿ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಅದರಲ್ಲಿ ಜನರೇಟ್ ಮೆನುವಲ್ಲಿ ಚರ್ಪ್ ಅಂತ ಇದೆ, ಅಂದ್ರೆ ತಗ್ಗು ದನಿಯಿಂದ ಕೀಚಲು ದನಿಗೆ ಏರ್ತಾ ಹೋಗೋ ಶಬ್ದ. 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ, 60 ಸೆಕೆಂಡು, ಲಾಗರಿದಮಿಕ್ ಅಂತ ಆರಿಸಿ, ಆಂಪ್ಲಿಟ್ಯೂಡ್ 0.2 ಸಾಕು. ವಾಲ್ಯೂಮ್ ಪೂರ್ತಿ ಇಳಿಸಿ ಶುರು ಮಾಡಿ, ನಿಧಾನಕ್ಕೆ ಏರಿಸಿ. ಮೇಲಿನ ಫ್ರೀಕ್ವೆನ್ಸಿ ಕೇಳಿಸ್ತಿಲ್ಲ ಅಂತ ಮಾತ್ರ ವಾಲ್ಯೂಮ್ ಜಾಸ್ತಿ ಮಾಡ್ಬೇಡಿ. ವಯಸ್ಸಾದಂಗೆ ಆ ತುದಿ ಯಾರಿಗೂ ಕೇಳಲ್ಲ, ಆದ್ರೆ ಟ್ವೀಟರ್ (ಕೀಚಲು ದನಿ ನುಡಿಸೋ ಸಣ್ಣ ಸ್ಪೀಕರ್) ಸುಟ್ಟುಹೋಗಬಹುದು, ಕಿವಿಗೂ ಪೆಟ್ಟು ಬೀಳುತ್ತೆ.

ಈ ದನಿ ಒಂದೇ ಗೆರೆ ಎಳೆದಂಗೆ ನಯವಾಗಿ ಏರ್ತಾ ಹೋಗ್ಬೇಕು. ನಡುವೆ ಎಲ್ಲಾದ್ರೂ ಜೊರ್ರ್ ಅಂದ್ರೆ ಅಲ್ಲೇ ನಿಲ್ಲಿಸಿ ಆ ಫ್ರೀಕ್ವೆನ್ಸಿ ಬರ್ಕೊಳ್ಳಿ, ಆಮೇಲೆ ಅದೇ ಮೆನುವಿನ ಟೋನ್ ಆಯ್ಕೇಲಿ ಅದೊಂದನ್ನೇ ನುಡಿಸ್ತಾ ಸುತ್ತ ಹುಡುಕಿ. ಸ್ಪೀಕರ್ ಆದ್ರೆ ಕಿಟಕಿ ಗಾಜು, ಶೆಲ್ಫ್ ಮೇಲಿನ ಡಬ್ಬ, ಸ್ಪೀಕರಿನ ಮುಂದಿನ ಜಾಲರಿ ಒಂದೊಂದಾಗಿ ಕೈಯಲ್ಲಿ ಒತ್ತಿ ಹಿಡೀರಿ, ಎಷ್ಟೋ ಸಲ ಅದುರ್ತಿರೋದು ಅವೇ. ಬೇಸ್ ಒಂದು ಜಾಗದಲ್ಲಿ ಧಾರಾಳ, ಎರಡು ಹೆಜ್ಜೆ ಪಕ್ಕಕ್ಕೆ ಹೋದ್ರೆ ಮಾಯ ಅನ್ನೋದಾದ್ರೆ ಅದು ಗೋಡೆಗಳಿಂದ ವಾಪಸ್ ಬರೋ ಅಲೆಗಳ ಆಟ, ಸ್ಪೀಕರ್ ಜಾಗ ಬದಲಾಯಿಸಿ ನೋಡಿ. ಹೆಡ್‌ಫೋನ್‌ನಲ್ಲಿ ಈ ದನಿ ತಲೆ ನಡುವೆಯೇ ಇರ್ಬೇಕು, ಕೆಲವು ಕಡೆ ಮಾತ್ರ ಒಂದು ಪಕ್ಕಕ್ಕೆ ವಾಲಿದ್ರೆ ಎರಡು ಡ್ರೈವರ್‌ಗೂ (ಒಳಗಿನ ಪುಟ್ಟ ಸ್ಪೀಕರ್‌ಗಳಿಗೂ) ಹೊಂದಾಣಿಕೆ ಇಲ್ಲ ಅಂತ. ಅಲ್ಲೂ ಒಂದ್ಸಲ ಉಲ್ಟಾ ಹಾಕಿ ಖಾತ್ರಿ ಮಾಡ್ಕೊಳ್ಳಿ.

ಇಯರ್‌ಬಡ್ಸ್‌ನಲ್ಲಿ ಬೇಸ್ ಇಲ್ಲ ಅನ್ಸಿದ್ರೆ ಬೆರಳಲ್ಲಿ ಮೆಲ್ಲಗೆ ಒಳಗೆ ಒತ್ತಿ. ಬೇಸ್ ಬಂತು ಅಂದ್ರೆ ರಬ್ಬರ್ ಟಿಪ್ ಸೈಜು ಸರಿ ಇಲ್ಲ, ಅಷ್ಟೇ. ಸೌಂಡೇ ಕಮ್ಮಿ ಇದ್ರೆ ಟಿಪ್ ತೆಗೆದು ಜಾಲರಿ ನೋಡಿ, ಗುಗ್ಗೆ ಕೂತಿದ್ರೆ ಜಾಲರಿ ಕೆಳಮುಖ ಮಾಡಿ ಒಣ ಮೆತ್ತನೆ ಬ್ರಷ್‌ನಿಂದ ತೆಗೀರಿ, ಪಿನ್ ಚುಚ್ಬೇಡಿ.

ಹಾಡೋರ ದನಿ ಮಾಯ ಆಗೋ ವಿಷಯ ಹೇಳಿದ್ನಲ್ಲ, ಅದು ಹೆಚ್ಚಾಗಿ ಗ್ರೌಂಡ್ ವೈರ್ (ಎಡ-ಬಲ ಎರಡಕ್ಕೂ ಸೇರಿದ ವಾಪಸ್ ವೈರ್) ಬಿಟ್ಟುಹೋಗಿರೋದು ಅಥವಾ ಪ್ಲಗ್ ಪೂರ್ತಿ ಒಳಗೆ ಹೋಗದೇ ಇರೋದು. ಗ್ರೌಂಡ್ ಇಲ್ಲದಿದ್ರೆ ಎಡ-ಬಲದ ವ್ಯತ್ಯಾಸ ಮಾತ್ರ ಕೇಳ್ಸುತ್ತೆ, ಎರಡೂ ಕಡೆ ಒಂದೇ ತರ ಇರೋ ದನಿ ಒಂದನ್ನೊಂದು ಹೊಡೆದು ಹಾಕುತ್ತೆ, ಹಾಡೋರ ದನಿ ಸಾಮಾನ್ಯವಾಗಿ ಎರಡೂ ಕಡೆ ಸಮವಾಗಿ ಇಟ್ಟಿರ್ತಾರಲ್ಲ, ಅದಕ್ಕೇ ಅದೇ ಹೋಗೋದು. ಜಾಕ್‌ನೊಳಗೆ ಟಾರ್ಚ್ ಬಿಟ್ಟು ನೋಡಿ, ಕಸ ಇದ್ರೆ ಫೋನ್ ಆಫ್ ಮಾಡಿ ಮರದ ಟೂತ್‌ಪಿಕ್‌ನಿಂದ ಹುಷಾರಾಗಿ ತೆಗೀರಿ. ಆಮೇಲೆ ಟೋನ್ ಓಡ್ತಿರುವಾಗಲೇ ಪ್ಲಗ್ ಹತ್ರ ವೈರ್ ಮೆಲ್ಲಗೆ ಅಲ್ಲಾಡಿಸಿ, ದನಿ ಹೋಗಿ ಬಂದು ಮಾಡಿದ್ರೆ ಕಟ್ ಆಗಿರೋ ಜಾಗ ಸಿಕ್ತು.

ವೈರ್ ಹಾಕೋ ಸ್ಪೀಕರ್ ಜೋಡಿ ಇದ್ರೆ ಕೆಂಪು-ಕಪ್ಪು ಒಂದರಲ್ಲಿ ಮಾತ್ರ ಅದಲು ಬದಲಾಗಿದ್ಯಾ ನೋಡಿ. ಹಾಗಾದಾಗ ಎರಡರಿಂದಲೂ ಸೌಂಡ್ ಬರುತ್ತೆ, ಆದ್ರೆ ಬೇಸ್ ಸೊರಗಿರುತ್ತೆ, ದನಿ ನಡುವೆ ನಿಲ್ಲಲ್ಲ. ಸ್ಪೀಕರ್‌ಗಳನ್ನ ಹತ್ತಿರ ಎದುರುಬದುರು ಇಟ್ಟು ಕೇಳಿ, ಆಂಪ್ಲಿಫೈಯರ್ ಆಫ್ ಮಾಡಿ ಒಂದರ ವೈರ್ ತಿರುಗಿಸಿ ಮತ್ತೆ ಕೇಳಿ, ಬೇಸ್ ಜಾಸ್ತಿ ಇರೋದೇ ಸರಿ. ಮಲ್ಟಿಮೀಟರ್ ಇದ್ರೆ ಸ್ಪೀಕರ್ ವೈರ್ ಬಿಚ್ಚಿ ಅದರ ತಡೆ ಎಷ್ಟು ಓಮ್ ಇದೆ ನೋಡಿ. 8 ಓಮ್ ಅಂತ ಬರೆದಿರೋದು ಸಾಮಾನ್ಯವಾಗಿ 6-7 ತೋರಿಸುತ್ತೆ, ಅದು ಸರಿಯೇ. ಏನೂ ತೋರಿಸದಿದ್ರೆ ಕಾಯಿಲ್ (ಸ್ಪೀಕರಿನೊಳಗಿನ ತಂತಿ ಸುರುಳಿ) ಸುಟ್ಟಿದೆ ಅಥವಾ ಒಳಗಿನ ವೈರ್ ಬಿಟ್ಟಿದೆ. ಬೇಸ್ ಸ್ಪೀಕರಿನ ಕೋನ್‌ನ (ಮುಂದೆ ಅದುರೋ ಬಟ್ಟಲಿನಂಥ ಭಾಗ) ಎರಡೂ ಪಕ್ಕ ಬೆರಳಿಟ್ಟು ಸಮವಾಗಿ ಸ್ವಲ್ಪ ಒತ್ತಿ ಬಿಡಿ, ಪರಪರ ಅಂತ ಉಜ್ಜೋ ಶಬ್ದ ಬಂದ್ರೆ ಕಾಯಿಲ್ ಮ್ಯಾಗ್ನೆಟ್‌ಗೆ ತಾಗ್ತಿದೆ. ಟ್ವೀಟರ್ ಮಾತ್ರ ಮುಟ್ಲೇಬೇಡಿ.

ಸುಮ್ನಿದ್ದಾಗಲೂ ಗುಂಯ್ ಅಂತಿದ್ರೆ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ, ನಿಂತ್ರೆ ಅದು ಕರೆಂಟ್ ಕಡೆಯಿಂದ ಬರ್ತಿರೋ ಶಬ್ದ. ಬ್ಲೂಟೂತ್ ಹೆಡ್‌ಫೋನ್ ಕಂಪ್ಯೂಟರಲ್ಲಿ ಇದ್ದಕ್ಕಿದ್ದಂಗೆ ಟೆಲಿಫೋನ್ ತರ ಕೇಳಿಸಿದ್ರೆ ಯಾವುದೋ ಆಪ್ ಅದರ ಮೈಕ್ ಹಿಡ್ಕೊಂಡಿದೆ. ಮೈಕ್ ಆನ್ ಆದ್ರೆ ಅದು ಕಾಲ್ ಮೋಡ್‌ಗೆ ಇಳಿಯುತ್ತೆ, ಸ್ಟೀರಿಯೋನೂ ಹೋಗುತ್ತೆ. ಸೆಟ್ಟಿಂಗ್ಸಲ್ಲಿ ಕಂಪ್ಯೂಟರಿನ ಮೈಕನ್ನೇ ಆರಿಸಿ, ಸೌಂಡ್ ವಾಪಸ್ ಬರುತ್ತೆ.